ರೇಷ್ಮೆ ಪುಡಿಯ ಪೇಪರುಗಳು

ಜೂನ್ 11, ಕೊಳ್ಳೇಗಾಲ

ಇವತ್ತೂ ಬರಲಿಲ್ಲ. ರಾಣಿ ಬೆಳಿಗ್ಗೆ ಹಾಕಿದ ರಿಯಾಕ್ಷನ್ ಸಂಜೆಯವರೆಗೂ ಕುದಿಯಿತು, ಹಾಕಿದ್ದು ಹಾಕಿದ ಹಾಗೇ ಉಳಿಯಿತು. ಫ್ಲಾಸ್ಕಿನಲ್ಲಿರುವ ಒಂದೊಂದು ವಸ್ತುವೂ ಒಂದೊಂದು ಚುಕ್ಕೆಯಾಗಿ ಕಾಣುವ ಪ್ಲೇಟನ್ನು ಯುವಿ ದೀಪದ ಕೆಳಗೆ ಹಿಡಿದು ನೋಡಿದರೆ ಮೊದಲಿದ್ದ ಎರಡು ಚುಕ್ಕೆ ಮಾತ್ರ. ನಮಗೆ ಬೇಕಾದ ಮೂರನೆಯದರ ಸುಳಿವೇ ಇಲ್ಲ. ಏಪ್ರಿಲ್‌ನಿಂದ ಇದೇ ಪಾಡು.

"ನೀರು ಸರಿಯಾಗಿ ಅಳೆದೆಯಾ?" ಅಂದೆ.

"ಅಳ್ದಿದ್ದೀನಿ ಮೇಡಮ್."

"ಪುಡಿ ಒಣಗಿಸಿದ್ದೆಯಾ?"

"ಒಣಗ್ಸಿದ್ದೆ ಮೇಡಮ್."

"ಮತ್ತೆ ನನ್ನ ಕೈಯಲ್ಲಿ ಬಂದದ್ದು ನಿನ್ನ ಕೈಯಲ್ಲಿ ಯಾಕೆ ಬರಲ್ಲ?"

ತಲೆ ಬಗ್ಗಿಸಿಕೊಂಡು ಫ್ಲಾಸ್ಕು ತೊಳೆಯಲು ಹೋದಳು. ಏನು ಕೇಳಿದರೂ ತೊಳೆಯಲು ಹೋಗುತ್ತಾಳೆ.

ಇವಳು ನನ್ನ ಮೊದಲ ಸಂಶೋಧನಾ ವಿದ್ಯಾರ್ಥಿ. ಹನೂರಿನಾಚೆಯ ಹಳ್ಳಿಯಿಂದ ಎರಡು ಬಸ್ಸು ಹತ್ತಿ ಬರುತ್ತಾಳೆ. ಡಿಸೆಂಬರ್‌ನಲ್ಲಿ ಥೀಸಿಸ್ ಕೊಡಬೇಕು. ಅದರ ಒಂದೊಂದು ಅಧ್ಯಾಯವೂ ನಿಂತಿರುವುದು ನನ್ನ ರೇಷ್ಮೆ ಪುಡಿಯ ಮೇಲೆ.

ನನ್ನ ಪುಡಿ. ಈ ಊರಿನ ನೂಲು ಬಿಚ್ಚುವ ಘಟಕಗಳಲ್ಲಿ ಗೂಡು ಬೇಯಿಸಿ ಚರಂಡಿಗೆ ಚೆಲ್ಲುವ ನೀರನ್ನು ಕ್ಯಾನಿನಲ್ಲಿ ತಂದು, ಅದರ ಅಂಟನ್ನು ಒಣಗಿಸಿ ಮಾಡಿದ್ದು. ಎರಡು ಬೆಂಜೀನ್ ಉಂಗುರಗಳನ್ನು ಒಂದಕ್ಕೊಂದು ಬೆಸೆಯಬೇಕಾದರೆ ಎಲ್ಲರೂ ಪಲ್ಲಾಡಿಯಮ್ ಹಾಕುತ್ತಾರೆ, ಬಂಗಾರದಂಥ ದುಬಾರಿ ಲೋಹ. ಎಷ್ಟೋ ಮಾತ್ರೆಗಳು ಆ ಬೆಸುಗೆಯಿಂದಲೇ ಆಗುವಂಥವು. ಲೋಹವೇ ಬೇಡ, ಗೂಡಿನ ಅಂಟು ಸಾಕು ಎಂದು ತೋರಿಸಿದವಳು ನಾನು. ಪೇಪರುಗಳಾದವು. ಬೇರೆ ರಾಜ್ಯದವರು ಓದಿ ಬರೆದರು. ರಸಾಯನಶಾಸ್ತ್ರದಲ್ಲಿ ನನ್ನ ಹೆಸರು ಯಾರಿಗಾದರೂ ಗೊತ್ತಿದ್ದರೆ ಅದರಿಂದಲೇ ಗೊತ್ತು.

ಅಂಥ ಪುಡಿ ಇವಳ ಕೈಯಲ್ಲಿ ಮಣ್ಣಾಗುತ್ತಿದೆ.

ಜೂನ್ 19

ಹೊಸ ಬಾಟಲಿಯ ಎಥನಾಲ್ ಹಾಕಿಸಿದೆ. ಇಲ್ಲ. ಪುಡಿಯನ್ನೇ ಹೊಸದಾಗಿ ಮಾಡಿಸಿದೆ. ಇಲ್ಲ. ಮಳೆಗಾಲದ ತೇವ ಇರಬಹುದೆಂದು ಕಿಟಕಿ ಮುಚ್ಚಿಸಿ ಮಾಡಿಸಿದೆ, ಸೆಕೆಯಲ್ಲಿ ಬೆಂದಳು. ಇಲ್ಲ.

ಮಧ್ಯಾಹ್ನ ಬಿಎಸ್ಸಿ ಮಕ್ಕಳ ಪ್ರಾಕ್ಟಿಕಲ್ ನಡೆಯುತ್ತಿತ್ತು. ಪ್ಲೇಟು ನೋಡಿ ನನಗೆ ತಡೆಯಲಾಗಲಿಲ್ಲ. "ನಿನ್ನ ಕೈಯೇ ಸರಿಯಿಲ್ಲ ರಾಣಿ. ಕೆಲವರ ಕೈಗೆ ಕೆಮಿಸ್ಟ್ರಿ ಹತ್ತಲ್ಲ" ಅಂದುಬಿಟ್ಟೆ. ಮಕ್ಕಳೆಲ್ಲ ಕೇಳಿಸಿಕೊಂಡರು. ಅವಳು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು.

ನನ್ನ ಕಷ್ಟ ಯಾರಿಗೆ ಹೇಳಲಿ. ಪ್ರಿನ್ಸಿಪಾಲ್ ಶಿವಮಲ್ಲಪ್ಪನವರು ಕರೆಸಿ, "ಕಾಲೇಜಿಗೆ ಗ್ರೇಡ್ ಹಾಕೋಕೆ ನ್ಯಾಕ್‌ನವರು ಬರೋ ಹೊತ್ತಿಗೆ ಇನ್ನೊಂದು ಪೇಪರ್ ಆಗ್ಲಿ ಮೇಡಮ್. ನಿಮ್ಮ ಪ್ರೊಫೆಸರ್ ಪ್ರಮೋಷನ್ ಫೈಲೂ ಆಗಲೇ ಮುಂದಕ್ಕೆ ಹೋಗ್ತದೆ" ಅಂದರು. ಕಾಲೇಜಿನ ಪುಸ್ತಿಕೆಯ ಮೊದಲ ಪುಟದಲ್ಲಿ ರೇಷ್ಮೆಗೂಡಿನ ಚಿತ್ರ, ಪಕ್ಕದಲ್ಲಿ ನನ್ನ ಫೋಟೋ.

ಜುಲೈ 3

ಬಂತು!

ನಾನೇ ಕೂತು ಮಾಡಿದೆ. ಅವಳ ಟೇಬಲ್ ಬಿಟ್ಟು ಮೂಲೆಯಲ್ಲಿರುವ ನನ್ನ ಹಳೇ ಹಾಟ್‌ಪ್ಲೇಟಿನ ಮೇಲೆ ಇಟ್ಟೆ. ಅದೇ ಪುಡಿ, ಅದೇ ಎಥನಾಲ್, ಅದೇ ಬಾಟಲಿಗಳು. ಊಟದ ಹೊತ್ತಿಗೆ ಪ್ಲೇಟಿನಲ್ಲಿ ಮೂರನೆಯ ಚುಕ್ಕೆ ಹೊಳೆಯಿತು. ಕಣ್ಣಲ್ಲಿ ನೀರು ಬಂತು ನನಗೆ.

ರಾಣಿಯನ್ನು ಕರೆದು ತೋರಿಸಿದೆ. ಅವಳು ಪ್ಲೇಟನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು.

"ನಾನು ಮಾಡೋವಾಗ ಏನು ಬೇರೆ ಮೇಡಮ್?"

"ಶ್ರದ್ಧೆ" ಅಂದೆ.

ಜುಲೈ 5

ಏನು ಬೇರೆ? ಅವಳ ಪ್ರಶ್ನೆ ಬಿಡುತ್ತಿಲ್ಲ. ಶ್ರದ್ಧೆ ಅಂದದ್ದು ಸುಳ್ಳು ಅಂತ ನನಗೇ ಗೊತ್ತು. ಆ ಹುಡುಗಿಯಷ್ಟು ಚೊಕ್ಕವಾಗಿ ಅಳೆಯುವವರನ್ನು ನಾನು ನೋಡಿಲ್ಲ.

ಒಂದೊಂದೇ ತಾಳೆ ನೋಡಿದೆ. ಎಲ್ಲ ಒಂದೇ. ಫ್ಲಾಸ್ಕಿನೊಳಗೆ ತಿರುಗುತ್ತ ದ್ರವ ಕಲಕುವ, ಪ್ಲಾಸ್ಟಿಕ್ ಹೊದಿಸಿದ ಅಯಸ್ಕಾಂತದ ಬೀಡು ಒಂದು ಬಿಟ್ಟು.

ಏಪ್ರಿಲ್‌ನಲ್ಲಿ ಹೊಸ ಹಾಟ್‌ಪ್ಲೇಟುಗಳು ಬಂದವು. ಜೊತೆಗೆ ಹೊಸ ಬೀಡುಗಳು ಬಂದವು, ಬೆಳ್ಳಗೆ, ನುಣ್ಣಗೆ. ಅಲ್ಲಿಯವರೆಗೆ ಹಳೆಯದನ್ನು ಹಾಕುತ್ತಿದ್ದ ರಾಣಿ ಅಲ್ಲಿಂದೀಚೆಗೆ ಅವನ್ನೇ ಹಾಕುತ್ತಿದ್ದಾಳೆ. ನಾನು ಮೊನ್ನೆ ಹಾಕಿದ್ದು ಮೂಲೆಯ ಟ್ರೇಯಲ್ಲಿದ್ದ ಹಳೆಯದು. ಆ ಟ್ರೇ ಮೈಸೂರಿನ ಲ್ಯಾಬಿನಿಂದ ನಾನು ತಂದದ್ದು. ಬೂದುಬಣ್ಣಕ್ಕೆ ತಿರುಗಿವೆ, ಮೈಯೆಲ್ಲ ಗೀರು. ಗೀರುಗಳೊಳಗೆ ಕಪ್ಪು.

ಮೈಸೂರಿನಲ್ಲಿ ಪಿಎಚ್‌ಡಿಯ ವರ್ಷಗಳುದ್ದಕ್ಕೂ ನಾನು ಮಾಡಿದ್ದು ಪಲ್ಲಾಡಿಯಮ್ ಕೆಲಸ. ಇದೇ ಬೀಡುಗಳಲ್ಲಿ.

ಪುಡಿಯಲ್ಲಿ ಲೋಹ ಇಲ್ಲವೆಂದು ಪರೀಕ್ಷೆ ಮಾಡಿಸಿದ್ದೆವು, ಇರಲಿಲ್ಲ. ಬೀಡನ್ನು ಪರೀಕ್ಷೆ ಮಾಡಿಸಬೇಕೆಂದು ಯಾರಿಗೂ ತೋಚಲಿಲ್ಲ.

ಇಲ್ಲ, ಹಾಗಿರಲಾರದು.

ಜುಲೈ 8

ರಾಣಿಯನ್ನು ಬಿಎಸ್ಸಿ ಕ್ಲಾಸು ತೆಗೆದುಕೊಳ್ಳಲು ಕಳಿಸಿ ಒಬ್ಬಳೇ ಮಾಡಿದೆ. ಎರಡು ಫ್ಲಾಸ್ಕು. ಒಂದರಲ್ಲಿ ಪುಡಿ, ಹೊಸ ಬೀಡು. ಇನ್ನೊಂದರಲ್ಲಿ ಹಳೇ ಬೀಡು, ಪುಡಿಯೇ ಇಲ್ಲ.

ಪುಡಿ ಇಲ್ಲದ್ದರಲ್ಲಿ ಬಂತು. ಪುಡಿ ಇದ್ದದ್ದರಲ್ಲಿ ಬರಲಿಲ್ಲ.

ಜುಲೈ 9

ಹಳೇ ಬೀಡೊಂದನ್ನು ಅಕ್ವಾರೀಜಿಯಾದಲ್ಲಿ ಕುದಿಸಿದೆ. ಲೋಹ ಕರಗಿಸುವ ಆಮ್ಲ. ಗೀರಿನ ಕಪ್ಪು ಬಿಟ್ಟುಕೊಂಡಿತು. ತೊಳೆದು ಮತ್ತೆ ಹಾಕಿ ನೋಡಿದೆ. ಏನೂ ಆಗಲಿಲ್ಲ.

ಅಂದರೆ ಎಲ್ಲವನ್ನೂ ಮಾಡಿದ್ದು ಆ ಕಪ್ಪು, ಮೈಸೂರಿನಿಂದ ಗೀರಿನೊಳಗೇ ಬಂದ ಪಲ್ಲಾಡಿಯಮ್. ರೇಷ್ಮೆ ಸುಮ್ಮನೆ ನೀರಿನಲ್ಲಿ ಕರಗಿಕೊಂಡು ಕೂತಿತ್ತು.

ಜುಲೈ 10

ಊಟ ಸೇರುತ್ತಿಲ್ಲ.

ಜುಲೈ 14, ಭಾನುವಾರ

ಧನಗೆರೆಗೆ ಹೋಗಿಬಂದೆ. ಶಿವರುದ್ರಸ್ವಾಮಿ ಸರ್ ನಿವೃತ್ತರಾದ ಮೇಲೆ ಮೈಸೂರು ಬಿಟ್ಟು ಅಲ್ಲೇ ತಮ್ಮ ಗದ್ದೆಯ ಪಕ್ಕ ಮನೆ ಕಟ್ಟಿಕೊಂಡಿದ್ದಾರೆ. ನನಗೆ ಪಿಎಚ್‌ಡಿ ಮಾಡಿಸಿದವರು. ಹೊನ್ನೂರಿನಿಂದ ಹೋದ ಹುಡುಗಿ ನಾನು ಮೊದಲ ದಿನ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಾಗ, "ಇಲ್ಲಿ ಹಾಕ್ಕೊಂಡೇ ಬರ್ಬೇಕಮ್ಮ, ಆಸಿಡ್ ಚೆಲ್ಲಿರ್ತದೆ" ಎಂದು ನಗದೆ ಹೇಳಿದವರು. ರೇಷ್ಮೆ ಪುಡಿಯ ಪೇಪರುಗಳಲ್ಲಿ ನನ್ನ ಹೆಸರಿನ ಜೊತೆ ಅವರ ಹೆಸರೂ ಇದೆ.

ಎಲ್ಲ ಹೇಳಿದೆ. ಅವರ ಕೈಯಲ್ಲಿದ್ದ ಕಾಫಿ ಆರಿತು.

"ಪುಡಿ ಇಲ್ಲದೆಯೂ ಬರ್ತದಾ?"

"ಬರ್ತದೆ ಸರ್."

"ಎಷ್ಟು ಸಲ ನೋಡಿದೆ?"

"ಸಾಕಾಗೋವಷ್ಟು ಸಲ."

ಹೊರಗೆ ಗದ್ದೆಗೆ ನೀರು ಬಿಡುತ್ತಿದ್ದರು. ಸರ್ ಅದನ್ನೇ ನೋಡುತ್ತಿದ್ದರು.

"ಯಾರ್ಯಾರಿಗೆ ಗೊತ್ತು?"

"ನನಗೆ. ಈಗ ನಿಮಗೆ."

"ಆ ಹುಡುಗಿಗೆ?"

"ಹೇಳಿಲ್ಲ."

"ಹೇಳ್ಬೇಡ. ಹಳೇ ಬೀಡು ಕೊಡು, ಕೆಲಸ ಮುಗಿಸ್ಕೊಳ್ಳಲಿ, ಥೀಸಿಸ್ ಕೊಡ್ಲಿ. ಆಮೇಲೆ ನಿಧಾನವಾಗಿ ನೋಡೋಣ. ನಾನು ನನಗೋಸ್ಕರ ಹೇಳ್ತಿಲ್ಲ ಪುಷ್ಪಾ. ಅವಳ ಹೊಟ್ಟೆ ಮೇಲೆ ಹೊಡೀಬೇಡ ಅಂತ ಹೇಳ್ತಿದ್ದೀನಿ."

ಗೇಟಿನವರೆಗೂ ಬಂದರು. ಚಿಲಕ ಹಾಕುತ್ತ, "ಸೆಪ್ಟೆಂಬರ್‌ನಲ್ಲಿ ಹಳೇ ಸ್ಟೂಡೆಂಟ್ಸ್ ಎಲ್ಲ ಸೇರಿ ಏನೋ ಸನ್ಮಾನ ಮಾಡ್ತಾರಂತೆ. ನೀನೂ ಎರಡು ಮಾತಾಡ್ಬೇಕಂತೆ" ಅಂದರು.

ಆಯ್ತು ಸರ್ ಅಂದೆ.

ಜುಲೈ 15

ಹಳೇ ಟ್ರೇಯನ್ನು ರಾಣಿಯ ಟೇಬಲ್ ಮೇಲಿಟ್ಟೆ. "ಹೊಸ ಬೀಡು ಸರಿಯಾಗಿ ತಿರುಗ್ತಿಲ್ಲ ಅನ್ಸುತ್ತೆ. ಇದರಲ್ಲಿ ಮಾಡು" ಅಂದೆ.

ಜುಲೈ 16

ಬಂತಂತೆ. ನಾನು ಸ್ಟಾಫ್ ರೂಮಿನಲ್ಲಿದ್ದೆ. ಏಪ್ರನ್ ಹಾಕಿಕೊಂಡೇ ಓಡಿಬಂದಳು. ಅವಳು ಓಡಿದ್ದನ್ನು ಇದುವರೆಗೆ ನೋಡಿರಲಿಲ್ಲ. "ಬಂದ್ಬುಡ್ತು ಮೇಡಮ್! ಬಂದ್ಬುಡ್ತು!" ಎಂದು ನನ್ನ ಎರಡೂ ಕೈ ಹಿಡಿದು ಕುಲುಕಿದಳು. ನಾನೂ ನಕ್ಕೆ. ಚೆನ್ನಾಗೇ ನಕ್ಕೆ.

ಜುಲೈ 22

ದಿನಾ ಬೇಗ ಬರುತ್ತಾಳೆ. ಹಾಡಿಕೊಳ್ಳುತ್ತ ಕೆಲಸ ಮಾಡುತ್ತಾಳೆ. ಹಾಕಿದ್ದೆಲ್ಲ ಬರುತ್ತಿದೆ. ಬರದೆ ಏನು.

ಮನೆಯವರು, "ಏನಾಗಿದೆ ನಿಂಗೆ? ಮಾತೇ ಇಲ್ಲ" ಅಂದರು. ಬಸ್ ಡಿಪೋದಲ್ಲಿ ದಿನವೆಲ್ಲ ಕೂಗಾಡಿ ಬರುವ ಮಹದೇವಪ್ರಸಾದರಿಗೂ ನನ್ನ ಮೌನ ಕೇಳಿಸುತ್ತಿದೆ ಎಂದರೆ ನಾನು ಎಷ್ಟು ಸುಮ್ಮನಾಗಿರಬೇಕು. ಹೊಟ್ಟೆನೋವು ಎಂದೆ.

ಡಿಸೆಂಬರ್ ಆಗಲಿ. ಸರ್ ಹೇಳಿದ್ದು ಸರಿ. ಇದು ನನಗೋಸ್ಕರ ಅಲ್ಲ.

ಜುಲೈ 29

ರಾಣಿ ಒಂದು ಪೊಟ್ಟಣ ತಂದುಕೊಟ್ಟಳು. ಮಾದಪ್ಪನ ಬೆಟ್ಟದ ಲಾಡು.

"ನಮ್ಮವ್ವ ಹರಕೆ ಹೊತ್ಕಂಡಿತ್ತು ಮೇಡಮ್. ನನ್ ಕೆಲ್ಸ ಕೂಡ್ಕಂಡ್ರೆ ನಡ್ಕಂಡೇ ಬತ್ತೀನಿ ಅಂತ. ಬೇಡ ಕಣವ್ವ, ಬಸ್ಸಲ್ಲಿ ಹೋಗು ಅಂದ್ರ ಕೇಳ್ನಿಲ್ಲ. ಮೊನ್ನೆ ಹೋಗ್ಬುಟ್ಟು ಬಂತು. ಕಾಲೆಲ್ಲ ಬೊಬ್ಬೆ ಎದ್ಬುಟ್ಟಿದೆ. ಮೊದ್ಲು ಮೇಡಂನೋರ್ಗ ಕೊಡು, ಅವ್ರು ಕಲ್ಸದೇ ಇದ್ರ ಎಲ್ಲಿತ್ತು ಇದು ಅಂತು."

ಅವಳ ಮುಂದೆಯೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಫೋನ್ ಬಂದವರ ಹಾಗೆ ಹೊರಗೆ ಹೋದೆ.

ಆ ಹೆಂಗಸಿನ ಮುಖ ನಾನು ನೋಡಿಲ್ಲ. ಕಣ್ಣು ಮುಚ್ಚಿದರೆ ಕಾಲು ಮಾತ್ರ ಕಾಣುತ್ತದೆ.

ಜುಲೈ 31

ಹೇಳಿಬಿಟ್ಟೆ.

ಲ್ಯಾಬಿನಲ್ಲಿ ಇಬ್ಬರೇ ಇದ್ದೆವು. ಅವಳು ಹೊಸ ಫ್ಲಾಸ್ಕು ಇಡುತ್ತಿದ್ದಳು. "ರಾಣಿ, ಅದನ್ನ ನಿಲ್ಲಿಸು" ಅಂದೆ. "ಹಳೇ ಬೀಡಿನ ಗೀರಲ್ಲಿ ಪಲ್ಲಾಡಿಯಮ್ ಕೂತಿದೆ. ಕೆಲಸ ಮಾಡ್ತಿರೋದು ಅದು. ನಮ್ಮ ಪುಡಿ ಏನೂ ಮಾಡ್ತಿಲ್ಲ."

ತಮಾಷೆ ಎಂದುಕೊಂಡು ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು. ನಾನು ಮಾಡಿದ ಪ್ಲೇಟುಗಳನ್ನು ತೋರಿಸಿದೆ. ಒಂದೊಂದನ್ನೂ ನೋಡಿದಳು. ಹಿಂದೆ ಬರೆದಿದ್ದ ತಾರೀಕು ಓದಿದಳು.

"ಜುಲೈ ಎಂಟು" ಅಂದಳು.

"ಹೌದು."

"ನೀವು ನಂಗ ಟ್ರೇ ಕೊಟ್ಟಿದ್ದು ಅದಾದ್ ಮ್ಯಾಲ."

"ಹೌದು."

"ಗೊತ್ತಿದ್ದೇ ಕೊಟ್ರಿ."

ಪ್ಲೇಟನ್ನು ಟೇಬಲ್ ಮೇಲೆ ಮಗುಚಿಟ್ಟಳು.

"ನಾನು ಓಡ್ಬಂದು ನಿಮ್ ಕೈ ಹಿಡ್ಕಂಡು ಕುಣುದ್ನಲ್ಲ, ಆಗ್ಲೂ ಗೊತ್ತಿತ್ತು. ನಿಂತ್ಕಂಡು ನೋಡುದ್ರಿ. ನಮ್ಮವ್ವ ಬೆಟ್ಟಕ್ಕ ನಡ್ಕಂಡ್ ಹೋಗ್ಬುಟ್ಟು ಬಂದದ ಮೇಡಮ್."

ಎಂಎಸ್ಸಿ ಓದಿದ ಮೇಲೆ ಲ್ಯಾಬಿನಲ್ಲಿ ಊರ ಮಾತು ಆಡುವುದನ್ನು ಬಿಟ್ಟಿದ್ದಳು. ಖುಷಿಯಾದಾಗ, ಅವ್ವನ ಸುದ್ದಿ ಬಂದಾಗ ಮಾತ್ರ ನಾಲಗೆ ಊರಿಗೆ ಹೋಗುತ್ತಿತ್ತು. ಇವತ್ತು ಪೂರ್ತಿ ಹೋಗಿತ್ತು.

"ಪೇಪರುಗಳನ್ನ ಹಿಂದಕ್ಕೆ ತಗೊಳ್ತೀನಿ ರಾಣಿ. ಎಲ್ಲರಿಗೂ ಹೇಳ್ತೀನಿ."

"ತಕಳಿ. ನೀವು ದೊಡ್ಡ ಮನ್ಸೋರು ಅನ್ಸ್ಕತೀರಿ. ನಾನು ಏನ್ ಅನ್ಸ್ಕಳ್ಲಿ? ನಾಕು ವರ್ಷ ಏನ್ ಮಾಡ್ದೆ ಅಂತ ಹೇಳ್ಲಿ ಮನೇಲಿ?"

ಏಪ್ರನ್ ಬಿಚ್ಚಿ ಮಡಚಿ ಟೇಬಲ್ ಮೇಲಿಟ್ಟು ಹೋದಳು. ಹೋಗುವ ಮುಂಚೆ ಹಾಟ್‌ಪ್ಲೇಟು ಆರಿಸಿದಳು. ನನಗೆ ಅದೂ ತೋಚಿರಲಿಲ್ಲ.

ಆಗಸ್ಟ್ 1

ಬರಲಿಲ್ಲ.

ಆಗಸ್ಟ್ 6

ಬರಲಿಲ್ಲ. ಫೋನ್ ಸ್ವಿಚ್ ಆಫ್.

ಆಗಸ್ಟ್ 12

ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಮೊದಲು ಎದ್ದು ಬಾಗಿಲು ಹಾಕಿದರು.

"ಪೇಪರು ವಾಪಸ್ ತಗೊಳ್ಳೋದಾ? ಹಾಗೂ ಉಂಟಾ ಮೇಡಮ್? ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಯಾರೂ ಕೇಳಿಲ್ಲ ಸರ್."

"ಯಾರೂ ಕೇಳ್ದೆ ಇರೋದನ್ನ ನೀವಾಗೇ ಯಾಕೆ ಹೇಳ್ತೀರಿ? ನ್ಯಾಕ್ ಮುಗೀಲಿ. ಸ್ವಲ್ಪ ತಾಳಿ."

ಸರ್ ತಾಳು ಅಂದರು. ಇವರೂ ತಾಳಿ ಅಂದರು. ನಾನೂ ನನಗೆ ಅದನ್ನೇ ಹೇಳಿಕೊಂಡಿದ್ದೆ. ತಾಳಿದಷ್ಟೂ ದಿನ ಯಾವುದೋ ಊರಿನಲ್ಲಿ ಯಾವುದೋ ಹುಡುಗಿ ನನ್ನ ಪೇಪರು ಓದಿ, ಗೂಡಿನ ನೀರು ತಂದು ಒಣಗಿಸಿ, ಬರುತ್ತಿಲ್ಲವಲ್ಲ ಎಂದು ತನ್ನ ಕೈಯನ್ನು ತಾನೇ ಬೈದುಕೊಳ್ಳುತ್ತಿರಬಹುದು. ಇದನ್ನು ಪ್ರಿನ್ಸಿಪಾಲರಿಗೆ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಜೂನ್‌ನಲ್ಲಾಗಿದ್ದರೆ ನನಗೂ ಆಗುತ್ತಿರಲಿಲ್ಲವೇನೋ.

ಕ್ಲಾಸು ಮುಗಿಸಿ ಬಂದು ಜರ್ನಲ್‌ಗಳಿಗೆಲ್ಲ ಬರೆದು ಕಳಿಸಿದೆ.

ಆಗಸ್ಟ್ 14

ಧನಗೆರೆಯಿಂದ ಫೋನು.

"ಕಳಿಸಿಬಿಟ್ಟೆಯಂತೆ."

"ಹೌದು ಸರ್. ನಿಮ್ಮ ಒಪ್ಪಿಗೆನೂ ಕೇಳ್ತಾರೆ."

"ನಲವತ್ತು ವರ್ಷ ಪಾಠ ಮಾಡಿದ್ದೀನಿ ಪುಷ್ಪಾ. ಈಗ ನಾನು ಯಾರಿಗೆ ಏನಂತ ಉತ್ತರ ಕೊಡ್ಲಿ?"

"ಸರ್, ತಪ್ಪು ನಂದು ಅಂತಾನೇ ಬರೆದಿದ್ದೀನಿ. ಬೀಡು ತಂದದ್ದು ನಾನು."

"ನಿಂಗೆ ಕಲಿಸಿದ್ದು ನಾನು" ಅಂದರು. ಬೈದದ್ದೋ ಅತ್ತದ್ದೋ ತಿಳಿಯಲಿಲ್ಲ. ಫೋನ್ ಇಟ್ಟುಬಿಟ್ಟರು.

ಆಗಸ್ಟ್ 25, ಭಾನುವಾರ

ಹನೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ರಾಣಿಯ ಊರಿಗೆ ಹೋದೆ. ಬಸ್ಸಿನಲ್ಲಿ ಅರ್ಧ ಜನ ತಮಿಳು, ಅರ್ಧ ಕನ್ನಡ. ಅವಳು ನಾಲ್ಕು ವರ್ಷ ದಿನವೂ ಬಂದು ಹೋದ ದಾರಿ ಇದು. ಬೆಳಿಗ್ಗೆ ಲೇಟಾಯಿತೆಂದು ನಾನು ಎಷ್ಟು ಸಲ ಮುಖ ಗಂಟಿಕ್ಕಿದ್ದೆ.

ಅವಳ ತಾಯಿ ದೊಡ್ಡಬಸಮ್ಮ ಜಗುಲಿಯ ಮೇಲೆ ಮುಸುಕಿನ ಜೋಳ ಬಿಡಿಸುತ್ತ ಕೂತಿದ್ದರು. ಯಾರೆಂದು ಹೇಳಿದ ಕೂಡಲೇ ಗಡಬಡಿಸಿ ಎದ್ದು ಚಾಪೆ ಹಾಸಿದರು.

"ಬನ್ರವ್ವ, ಕುಂತ್ಕಳಿ. ರಾಣಿ ಹೊಲಕ್ಕ ಹೋಗವ್ಳೆ, ಬತ್ತಾಳ. ಬಂದಾಗಿಂದ ಬಾಯೇ ಬುಡಾಕಿಲ್ಲ ಕಣ್ರವ್ವ. ಏನಾರ ತಪ್ ಮಾಡ್ಬುಟ್ಟವ್ಳಾ?"

"ಇಲ್ಲಮ್ಮ. ತಪ್ಪು ಮಾಡಿರೋಳು ನಾನು."

"ನೀವು ಓದ್ದೋರು. ನಿಮ್ದೆಂತ ತಪ್ಪು."

"ಒಂದು ಪುಡಿ ಕೆಲಸ ಮಾಡ್ತದೆ ಅಂತ ನಾನು ಊರಿಗೆಲ್ಲ ಹೇಳಿದ್ದೆ. ಅದು ಮಾಡಲ್ಲ. ಮಾಡಲ್ಲ ಅಂತ ನನಗೆ ಗೊತ್ತಾದ ಮೇಲೂ ನಿಮ್ಮ ಮಗಳಿಗೆ ಹೇಳದೆ, ಬಂತು ಅಂತ ನಂಬಿಸಿದೆ. ಆವಾಗ ನೀವು ಬೆಟ್ಟಕ್ಕೆ ಹೋಗಿಬಂದ್ರಿ."

ಜೋಳದ ತೆನೆ ಕೈಯಲ್ಲೇ ಹಿಡಿದು ಯೋಚಿಸಿದರು.

"ಅದು ಬುಡಿ. ಅದು ನಂಗೂ ಮಾದಪ್ಪನ್ಗೂ ಇರಾದು. ಇವಳ್ಗ ಯಾಕ ಹೇಳ್ನಿಲ್ಲ ನೀವು? ನಿಮ್ಮ ಮ್ಯಾಲ ಪ್ರಾಣ ಇಟ್ಕಂಡಿದ್ಲಲ್ಲ."

ಮುದ್ದೆ ಊಟಕ್ಕೆ ಇಟ್ಟರು. ತಲೆ ತಗ್ಗಿಸಿಕೊಂಡು ಉಂಡೆ. ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡೆ, ನಾಚಿಕೆಯಿಲ್ಲದೆ.

ರಾಣಿ ಹುಲ್ಲಿನ ಹೊರೆ ಹೊತ್ತು ಬಂದಳು. ನನ್ನನ್ನು ನೋಡಿದಳು. ಹೊರೆ ಇಳಿಸಿ ಸೀದಾ ಒಳಗೆ ಹೋದಳು. ಬಸ್ಸಿನ ಹೊತ್ತಾಗುವವರೆಗೂ ಹೊರಗೆ ಬರಲಿಲ್ಲ.

ಎದ್ದು ಹೊರಟೆ. ಬೀದಿಯ ತಿರುವಿನಲ್ಲಿ ಹಿಂದೆ ಹೆಜ್ಜೆ ಕೇಳಿಸಿತು. ರಾಣಿ. ಪಕ್ಕಕ್ಕೆ ಬರಲಿಲ್ಲ, ಹಿಂದೆಯೇ ನಡೆದಳು. ಬಸ್ ನಿಲ್ಲುವ ಹುಣಸೆಮರದ ಹತ್ತಿರ ಬಾಯಿ ಬಿಟ್ಟಳು.

"ನನ್ ಕೈ ಸರಿಯಿಲ್ಲ ಅಂದ್ರಿ. ಬಿಎಸ್ಸಿ ಮಕ್ಕಳ ಮುಂದ."

"ಅಂದೆ."

"ಅದ ವಾಪಸ್ ತಕಳಿ ಮೊದ್ಲು. ಪೇಪರು ಆಮೇಲೆ."

ಆಗಸ್ಟ್ 27

ಬಿಎಸ್ಸಿ ಕ್ಲಾಸಿನಲ್ಲಿ ಹಾಜರಿ ಮುಗಿಸಿ ಹೇಳಿದೆ. ಜೂನ್‌ನಲ್ಲಿ ನಿಮ್ಮೆಲ್ಲರ ಮುಂದೆ ರಾಣಿಯವರ ಕೈ ಸರಿಯಿಲ್ಲ ಎಂದಿದ್ದೆ. ಅವರ ಕೈ ಸರಿಯಿತ್ತು. ಅವರಿಗೆ ಬರಲಿಲ್ಲ ಅನ್ನುವುದೇ ಈ ಲ್ಯಾಬಿನಲ್ಲಿ ಎಷ್ಟೋ ವರ್ಷಗಳಲ್ಲಿ ಬಂದ ಮೊದಲ ಸರಿಯಾದ ರಿಸಲ್ಟು. ಸರಿಯಿಲ್ಲದ್ದು ನನ್ನದು.

ಮಕ್ಕಳಿಗೆ ಏನು ತಿಳಿಯಿತೋ. ಹಿಂದಿನ ಬೆಂಚಿನಲ್ಲಿ ಯಾರೋ ಮೊಬೈಲ್ ಎತ್ತಿ ರೆಕಾರ್ಡ್ ಮಾಡುತ್ತಿದ್ದರು. ಮಾಡಲಿ ಬಿಟ್ಟೆ.

ಸೆಪ್ಟೆಂಬರ್ 10

ರಾಣಿ ಬಂದಳು. ಬಂದವಳೇ ಕೂರದೆ ಹೇಳಿದಳು. ಮೈಸೂರಿನ ಇನ್ನೊಬ್ಬ ಪ್ರೊಫೆಸರ್ ಮೇಡಮ್ ಗೈಡ್ ಆಗಲು ಒಪ್ಪಿದ್ದಾರೆ, ನನ್ನ ಸಹಿ ಬೇಕು. ವಿಷಯವೂ ಬದಲು, ಡಿಸೆಂಬರ್‌ನ ಗಡುವೂ ಮುಂದಕ್ಕೆ ಹೋಗಿದೆ. ಒಮ್ಮೆ ಲೋಹ ಹತ್ತಿದ ಬೀಡು ಎಷ್ಟು ತೊಳೆದರೆ ಹೋಗುತ್ತದೆ, ಹೋಗದಿದ್ದರೆ ಯಾವ ಯಾವ ರಿಯಾಕ್ಷನ್‌ಗಳಲ್ಲಿ ನಮಗೆ ಮೋಸ ಮಾಡುತ್ತದೆ ಎನ್ನುವುದನ್ನು ಒಂದೊಂದಾಗಿ ನೋಡುತ್ತಾಳಂತೆ.

"ಕೆಲಸ ಇಲ್ಲೇ ಮಾಡ್ತೀನಿ. ಆ ಬೀಡುಗಳು ಇರೋದು ಇಲ್ಲೇ ತಾನೆ."

"ಮಾಡು."

"ಪೇಪರಲ್ಲಿ ನಿಮ್ಮ ಹೆಸರು ಇರಲ್ಲ."

"ಬೇಡ."

ಸಹಿ ಹಾಕಿದೆ. ಅವಳು ಏಪ್ರನ್ ತೆಗೆದು ಹಾಕಿಕೊಂಡಳು.

ಅಕ್ಟೋಬರ್ 18

ಜರ್ನಲ್‌ನವರು ಪ್ರಕಟಿಸಿದ್ದಾರೆ. ನನ್ನ ಪೇಪರಿನ ಒಂದೊಂದು ಪುಟಕ್ಕೂ ಅಡ್ಡಲಾಗಿ ಕೆಂಪು ಅಕ್ಷರದಲ್ಲಿ, ಹಿಂಪಡೆಯಲಾಗಿದೆ ಎಂದು. ಕೊನೆಯಲ್ಲಿ ಒಂದು ಸಾಲು: ಇನ್ನೊಬ್ಬ ಲೇಖಕರು ನಮ್ಮ ಪತ್ರಗಳಿಗೆ ಉತ್ತರಿಸಲಿಲ್ಲ. ಸರ್‌ಗೆ ಸನ್ಮಾನ ಕಳೆದ ತಿಂಗಳೇ ಆಯಿತು. ನನ್ನನ್ನು ಕರೆಯಲಿಲ್ಲ.

ಪ್ರೊಫೆಸರ್ ಫೈಲು ವಾಪಸ್ ಬಂದಿದೆ. ಪುಸ್ತಿಕೆಯ ಮೊದಲ ಪುಟದಲ್ಲಿ ಈಗ ಕಾಲೇಜಿನ ಗೇಟಿನ ಚಿತ್ರ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಏನ್ ಮೇಡಮ್, ರೇಷ್ಮೆ ಹುಳ ಕೈ ಕೊಟ್ಬುಡ್ತಾ?" ಎಂದು ನಕ್ಕರು.

ಇವತ್ತು, ಪೇಪರುಗಳ ವಿಚಾರಣೆಗೆ ಕರೆಸಿದ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಕೂತು ಉತ್ತರ ಹೇಳಿ ಮೈಸೂರಿನಿಂದ ವಾಪಸ್ ಬರುವಾಗ ಕಾವೇರಿ ಸೇತುವೆಯ ಮೇಲೆ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದರು. ನಾನು ಕಂಬಿ ಹಿಡಿದು ನೀರು ನೋಡುತ್ತ ನಿಂತಿದ್ದೆ. ಏನು ಯೋಚಿಸಿದೆನೋ ಅದನ್ನು ಬರೆಯುವುದಿಲ್ಲ. ಕಂಡಕ್ಟರ್ ಬಂದು, "ಮೇಡಮ್, ಬನ್ನಿ, ಬೇರೆ ಬಸ್ ಬಂತು" ಎಂದು ಮೊಳಕೈ ಹಿಡಿದು ಕರೆದುಕೊಂಡು ಹೋದ. ನನ್ನ ಮುಖದಲ್ಲಿ ಏನೋ ಕಂಡಿರಬೇಕು. ಇಳಿಯುವವರೆಗೂ ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದ.

ಮನೆಯಲ್ಲಿ ಪ್ರಸಾದ್‌ಗೆ ಎಲ್ಲ ಹೇಳಿದೆ, ಸೇತುವೆಯದ್ದೂ. ಅವರು ಟಿವಿ ಆರಿಸಿ ಹತ್ತಿರ ಬಂದು ಕೂತರು. "ನಾಳೆಯಿಂದ ನಾನೇ ಬಿಟ್ಟು ಬರ್ತೀನಿ, ನಾನೇ ಕರ್ಕೊಂಡು ಬರ್ತೀನಿ" ಅಂದರು. ಬೇಡ ಎನ್ನಲಿಲ್ಲ.

ನವೆಂಬರ್ 21

ರಾಣಿಗೆ ಆಮ್ಲದಲ್ಲಿ ಕುದಿಸಿದ ಬೀಡುಗಳನ್ನು ತೊಳೆದುಕೊಡುತ್ತಿದ್ದೇನೆ. ಅವಳು ಕೇಳಲಿಲ್ಲ, ನಾನೇ ತೆಗೆದುಕೊಂಡೆ. ಅವಳು ಮಾತಾಡುವುದು ಕೆಲಸದ್ದಷ್ಟೇ. "ಇನ್ನೊಂದ್ ಸಲ ತೊಳೀರಿ ಮೇಡಮ್, ಸಾಲ್ದು" ಅಂದಳು ಇವತ್ತು. ತೊಳೆದೆ. ಅವಳು ಹೇಳಿದ್ದು ಸರಿ, ಸಾಲದಾಗಿತ್ತು.

ಅವಳಿಗೆ ತಿಂಡಿಯ ಹೊತ್ತಿನಲ್ಲಿ ತಲೆನೋವು ಬರುತ್ತದೆ. ಬೆಳಿಗ್ಗೆ ಬಸ್ಸಿಗೆ ಓಡಿಬರುವ ಆತುರಕ್ಕೆ ಏನೂ ತಿಂದಿರುವುದಿಲ್ಲ. ಒಂದು ಡಬ್ಬಿ ಹೆಚ್ಚಿಗೆ ತರುತ್ತಿದ್ದೇನೆ. ತಿನ್ನುತ್ತಾಳೆ.

ಜನವರಿ 24, ಮೈಸೂರು ಬಸ್ಸಿನಲ್ಲಿ ಶುರು ಮಾಡಿ ಮನೆಯಲ್ಲಿ ಮುಗಿಸಿದ್ದು

ಇವತ್ತು ಮೈಸೂರಿನ ಒಂದು ಸಮ್ಮೇಳನದಲ್ಲಿ ರಾಣಿ ತನ್ನ ಕೆಲಸ ಮಂಡಿಸಿದಳು. ಎಲ್ಲೆಲ್ಲಿಂದಲೋ ಬಂದ ರಸಾಯನಶಾಸ್ತ್ರದವರು. ನಾನು ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ಕೂತೆ, ಬೇಕಾದರೆ ಎದ್ದು ಹೋಗಬಹುದೆಂದು. ಮೊದಲ ಸಾಲಿನಲ್ಲಿ ಶಿವರುದ್ರಸ್ವಾಮಿ ಸರ್. ತಲೆ ಪೂರ್ತಿ ಬೆಳ್ಳಗಾಗಿದೆ.

ರಾಣಿಯ ದನಿ ಮೊದಲು ನಡುಗಿತು, ಆಮೇಲೆ ಸರಿಹೋಯಿತು. ಯಾವುದು ಬಂತು, ಯಾವುದು ಬರಲಿಲ್ಲ, ಯಾಕೆ, ಎಲ್ಲವನ್ನೂ ಒಂದಾದ ಮೇಲೊಂದು ಇಟ್ಟಳು. ಯಾರನ್ನೂ ದೂರಲಿಲ್ಲ. ಬರೆದುಕೊಳ್ಳುವ ಪೆನ್ನುಗಳ ಸದ್ದು ಕೇಳಿಸುತ್ತಿತ್ತು.

ಪ್ರಶ್ನೆಗಳ ಹೊತ್ತಿನಲ್ಲಿ ಹೈದರಾಬಾದಿನವರೊಬ್ಬರು ಎದ್ದರು. "ಆ ರೇಷ್ಮೆ ಪೇಪರುಗಳನ್ನು ನಂಬಿ ನನ್ನ ವಿದ್ಯಾರ್ಥಿ ಒಂದು ವರ್ಷ ಕಳೆದುಕೊಂಡ. ಅವನ್ನು ಬರೆದವರು ಯಾರು? ನಿಮಗೆ ಪರಿಚಯವೇ?"

ನನ್ನ ಕೈ ಬಾಗಿಲಿನ ಕಡೆಗಿತ್ತು.

ರಾಣಿ ಮೈಕಿನಲ್ಲಿ, "ಪರಿಚಯ ಇದೆ ಸರ್. ನನ್ನ ಗೈಡು. ಅಲ್ಲಿ ಕೂತಿದ್ದಾರೆ" ಅಂದಳು.

ಇಡೀ ಹಾಲ್ ತಿರುಗಿತು. ಸರ್ ಒಬ್ಬರು ತಿರುಗಲಿಲ್ಲ.

ನಾನು ಎದ್ದು ನಿಂತೆ. ನಿಲ್ಲು ಎಂದು ಯಾರೂ ಹೇಳಿರಲಿಲ್ಲ. "ಬರೆದವಳು ನಾನು. ಅದು ತಪ್ಪು. ನಿಮ್ಮ ವಿದ್ಯಾರ್ಥಿಗೆ ಅವನ ಕೆಲಸದಲ್ಲಿ ಏನೂ ಕೊರತೆ ಇರಲಿಲ್ಲ ಎಂದು ದಯವಿಟ್ಟು ಹೇಳಿ. ಅವನ ನಂಬರ್ ಕೊಟ್ಟರೆ ನಾನೇ ಹೇಳುತ್ತೇನೆ" ಅಂದೆ. ದನಿ ಹೇಗಿತ್ತೋ ಗೊತ್ತಿಲ್ಲ. ಅವರು ಕೂತರು. ಊಟದ ಹೊತ್ತಿನಲ್ಲಿ ಬಂದು ನಂಬರ್ ಬರೆದುಕೊಟ್ಟರು.

ವಾಪಸ್ ಬರುವಾಗ ರಾಣಿ ನನ್ನ ಪಕ್ಕದಲ್ಲೇ ಕೂತಳು. ಬಸ್ಸು ನರಸೀಪುರ ದಾಟಿತು.

"ನಿನ್ನ ಗೈಡು ಈಗ ಆ ಮೇಡಮ್ ಅಲ್ವಾ? ಯಾಕೆ ಹಾಗಂದೆ?" ಕೇಳಿಯೇಬಿಟ್ಟೆ.

"ಬಾಯಿಗೆ ಬಂದ್ಬುಡ್ತು."

"ನನ್ನ ಮೇಲಿನ ಸಿಟ್ಟಿಗಾ?"

ಕಿಟಕಿಯ ಹೊರಗೆ ನೋಡುತ್ತ ಯೋಚಿಸಿದಳು. "ಸಿಟ್ಟದೆ" ಅಂದಳು. "ಅದ್ಕೇ ಅಂದ್ನೋ ಏನೋ. ಗೊತ್ತಿಲ್ಲ ಮೇಡಮ್."

ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಹನೂರು ಬಸ್ಸು ಹೊರಡಲು ಗುರುಗುಡುತ್ತಿತ್ತು. ಜನ ಕಿಕ್ಕಿರಿದಿದ್ದರು. ಅವಳು ಬ್ಯಾಗು ಎದೆಗವಚಿಕೊಂಡು ಓಡಿದಳು, ಹೋಗಿಬರ್ತೀನಿ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಹತ್ತಿ ಹೋಗಿ ಹಿಂದಿನ ಕಿಟಕಿಯ ಪಕ್ಕ ಜಾಗ ಹಿಡಿದಳು. ಬಸ್ಸು ತಿರುಗಿಕೊಳ್ಳುವಾಗ ಆ ಕಿಟಕಿ ನಾನು ನಿಂತ ಕಡೆಗೆ ಬಂತು. ಗಾಜು ಸರಿಸಿದಳು.

"ಮೇಡಮ್, ಇನ್ನೂ ಅಲ್ಲೇ ಯಾಕ್ ನಿಂತಿದ್ದೀರಿ? ಮನೆಗೋಗಿ, ಹೊತ್ತಾಯ್ತು" ಎಂದು ಕೂಗಿದಳು.